ಕೆಲಸದ ಜಾಗದ ಅಪಘಾತ: ಪರಿಹಾರದ ಹಣ ಸೋರುವುದು ಎಲ್ಲಿ?

ಪೀಣ್ಯದ ಯಾವುದೋ ಶೆಡ್ಡಿನಲ್ಲಿ ಪವರ್ ಪ್ರೆಸ್ಸಿಗೆ ಸಿಕ್ಕಿ ತೋರುಬೆರಳು, ನಡುಬೆರಳು ಕಳೆದುಕೊಂಡ ಕೆಲಸಗಾರನಿಗೆ ಕಾನೂನಿನಂತೆ ಎಷ್ಟು ಹಣ ಬರಬೇಕು? ವಯಸ್ಸು, ತಿಂಗಳ ಸಂಬಳ, ಗಾಯದ ಶೇಕಡಾ ಪ್ರಮಾಣ ಗೊತ್ತಿದ್ದರೆ ಇದು ಐದು ನಿಮಿಷದ ಲೆಕ್ಕ. ಹಾಗಿದ್ದೂ ಇಂಥ ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ, ಕೆಲವು ಬಿದ್ದೇ ಹೋಗುತ್ತವೆ. ಕಾನೂನಿನ ಕ್ಲಿಷ್ಟ ಪ್ರಶ್ನೆಯಿಂದ ಬೀಳುವುದು ಕಡಿಮೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ‘ಮನೆಯಲ್ಲಿ ಬಿದ್ದು ಪೆಟ್ಟು’ ಎಂದು ಬರೆದಿರುತ್ತದೆ. ಗಾಯಾಳು ಆ ಶೆಡ್ಡಿನಲ್ಲಿ ದುಡಿಯುತ್ತಿದ್ದ ಎಂಬುದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ವೈದ್ಯರು ಕೊಟ್ಟ ಶೇಕಡಾವಾರು ಬೇರೆ ಯಾವುದೋ ಉದ್ದೇಶದ್ದಾಗಿರುತ್ತದೆ. ಹಣ ಸೋರುವುದು ಹೆಚ್ಚಾಗಿ ಈ ಮೂರು ಕಡೆ.

ಮೊದಲ ಪ್ರಶ್ನೆ: ಇಎಸ್‌ಐ ಇದೆಯೇ?

ಕೆಲಸದ ವೇಳೆ ಆದ ಗಾಯಕ್ಕೆ ನಮ್ಮಲ್ಲಿ ಎರಡು ದಾರಿಗಳಿವೆ. ಆದರೆ ಯಾವುದು ಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಗಾಯಾಳುವಿಗಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಯಾಗಿದ್ದು, ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದರೆ (ಅಂಗವಿಕಲ ನೌಕರರಿಗೆ 25,000) ಅದು ಇಎಸ್‌ಐ (ನೌಕರರ ರಾಜ್ಯ ವಿಮೆ) ದಾರಿ. ಅಲ್ಲಿ ಹಣ ಕೊಡುವುದು ಇಎಸ್‌ಐ ನಿಗಮ. ಆ ವ್ಯಾಪ್ತಿಗೆ ಬಾರದವರದು 1923ರ ನೌಕರರ ಪರಿಹಾರ ಕಾಯ್ದೆಯ ದಾರಿ. ಅಲ್ಲಿ ಹೊಣೆ ನೇರವಾಗಿ ಮಾಲೀಕನದು. ಅವನು ಪಾಲಿಸಿ ಮಾಡಿಸಿದ್ದರೆ ವಿಮಾ ಕಂಪನಿ ಕಟ್ಟಿಕೊಡುತ್ತದೆ. ಇಎಸ್‌ಐ ಇರುವವರು ಮಾಲೀಕನ ಮೇಲೆ ಪರಿಹಾರದ ಕೇಸು ಹಾಕಿದರೆ, ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಅಡ್ಡ ಬಂದು ಅರ್ಜಿ ವಜಾ ಆಗುತ್ತದೆ. ಎರಡು ಮೂರು ವರ್ಷ ಕೋರ್ಟಿಗೆ ಅಲೆದ ಮೇಲೆ ಇದು ತಿಳಿದರೆ, ಅಷ್ಟರಲ್ಲಿ ಇಎಸ್‌ಐ ಕಡೆಯ ಗಡುವೂ ಮೀರಿರುತ್ತದೆ.

ಆದ್ದರಿಂದ ಸಂಬಳದ ಚೀಟಿಯಲ್ಲಿ ಶೇ 0.75ರಷ್ಟು ಇಎಸ್‌ಐ ಕಡಿತ ಇದೆಯೇ ಎಂದು ಮೊದಲು ನೋಡಬೇಕು. ಮಾಲೀಕ ತನ್ನ ಪಾಲಿನ ಶೇ 3.25 ಸೇರಿಸಿ ಕಟ್ಟಿದ್ದಾನೆಯೇ ಎಂಬುದು ಐಪಿ ನಂಬರ್ (ವಿಮಾದಾರನ ಸಂಖ್ಯೆ) ಹಾಕಿ ಇಎಸ್‌ಐಸಿ ಪೋರ್ಟಲ್ ತೆರೆದರೆ ಕಾಣುತ್ತದೆ. ವರ್ಷದ ನಡುವೆ ಇನ್‌ಕ್ರಿಮೆಂಟ್ ಆಗಿ ಸಂಬಳ 21,000 ದಾಟಿದವರನ್ನು ‘ನೀನೀಗ ಇಎಸ್‌ಐ ಹೊರಗೆ’ ಎಂದು ಎಚ್‌ಆರ್‌ನವರು ಕಳಿಸಿಬಿಡುವುದುಂಟು. ಅದು ತಪ್ಪು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ವಂತಿಗೆ ಅವಧಿಗಳಿವೆ. ಅವಧಿಯ ಮಧ್ಯೆ ಸಂಬಳ ಏರಿದರೂ ಆ ಅವಧಿ ಮುಗಿಯುವವರೆಗೆ ನೌಕರ ಇಎಸ್‌ಐ ಒಳಗೇ ಇರುತ್ತಾನೆ.

ಇನ್ನೊಂದು ಗೊಂದಲ, ಮಾಲೀಕ ಹೆಸರನ್ನೇ ನೋಂದಾಯಿಸದಿದ್ದಾಗಿನದು. ಸಂಸ್ಥೆ ಇಎಸ್‌ಐ ವ್ಯಾಪ್ತಿಗೆ ಬರುವಂಥದ್ದಾಗಿದ್ದರೆ ಮಾಲೀಕನ ಬಾಕಿಗೆ ನೌಕರನ ಸೌಲಭ್ಯ ಬಲಿಯಾಗಬೇಕಿಲ್ಲ. ನಿಗಮ ಸೌಲಭ್ಯ ಕೊಟ್ಟು, ಮಾಲೀಕನಿಂದ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಅಪಘಾತವಾದ ಸಂಜೆ ತರಾತುರಿಯಲ್ಲಿ ಐಪಿ ನಂಬರ್ ಮಾಡಿಸುವ ಮಾಲೀಕರೂ ಇದ್ದಾರೆ. ಆಗ ನಿಗಮದ ಅಧಿಕಾರಿಗಳು ಅನುಮಾನ ಪಡುವುದು ಸಹಜ. ಕೆಲಸಕ್ಕೆ ಸೇರಿದ ನಿಜವಾದ ದಿನಕ್ಕೆ ಹಾಜರಿ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳ ಆಧಾರ ಕೊಡಬೇಕಾಗುತ್ತದೆ.

ಕಾನೂನು ಬದಲಾಗಿದೆ, ಲೆಕ್ಕ ಹೆಚ್ಚು ಬದಲಾಗಿಲ್ಲ

2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. 1923ರ ಪರಿಹಾರ ಕಾಯ್ದೆ, 1948ರ ಇಎಸ್‌ಐ ಕಾಯ್ದೆ ಎರಡೂ ಅದರೊಳಗೆ ಸೇರಿಹೋದವು. ಅದಕ್ಕಿಂತ ಮುಂಚಿನ ಅಪಘಾತಕ್ಕೆ ಹಳೆಯ ಕಾಯ್ದೆಯ ಹಕ್ಕು ಹಾಗೆಯೇ ನಿಲ್ಲುತ್ತದೆ. ನಂತರದ್ದಕ್ಕೆ ಸಂಹಿತೆ. ಸಾವಿಗೆ ತಿಂಗಳ ಸಂಬಳದ ಶೇ 50, ಪೂರ್ಣ ಶಾಶ್ವತ ಅಂಗವಿಕಲತೆಗೆ ಶೇ 60, ಅದನ್ನು ವಯಸ್ಸಿನ ಗುಣಕದಿಂದ ಗುಣಿಸುವ ಸೂತ್ರ ಅಲ್ಲೂ ಅದೇ. ಕನಿಷ್ಠ ಮೊತ್ತಗಳನ್ನು ಕಾನೂನಿನಲ್ಲೇ ಬರೆಯದೆ ಕೇಂದ್ರ ಸರ್ಕಾರದ ಅಧಿಸೂಚನೆಗೆ ಬಿಟ್ಟಿದ್ದಾರೆ. ಪರಿಹಾರದ ಅರ್ಜಿ ಕೇಳುವ ‘ಆಯುಕ್ತ’ರ ಜಾಗದಲ್ಲಿ ‘ಸಕ್ಷಮ ಪ್ರಾಧಿಕಾರ’ ಬಂದಿದೆ. ಇಎಸ್‌ಐ ಭಾಗದಲ್ಲಿ, ಸರ್ಕಾರ ಅಪಾಯಕಾರಿ ಎಂದು ಗುರುತಿಸುವ ಕೆಲಸವಾದರೆ ಒಬ್ಬನೇ ನೌಕರನಿದ್ದರೂ ಅನ್ವಯಿಸಲು ದಾರಿ ಮಾಡಿದ್ದಾರೆ. ಹತ್ತು ಜನರ ಲೆಕ್ಕ ತಪ್ಪಿಸಲು ಒಂದೇ ಶೆಡ್ಡಿಗೆ ಮೂರು ಬೋರ್ಡು ಹಾಕಿಕೊಂಡವರಿಗೆ ಇದು ಬಿಸಿ ಮುಟ್ಟಿಸಬೇಕು; ಮುಟ್ಟಿಸುತ್ತದೆಯೇ ಎನ್ನುವುದು ಅಧಿಸೂಚನೆಯನ್ನು ಅವಲಂಬಿಸಿದೆ. ಸಂಹಿತೆಗೆ ವಿರುದ್ಧವಲ್ಲದ ಹಳೆಯ ನಿಯಮಗಳಿಗೆ ಒಂದು ವರ್ಷದ ಉಸಿರು ಕೊಟ್ಟಿರುವುದರಿಂದ, ಕಚೇರಿಗಳಲ್ಲಿ ಹಳೆಯ ಕಾಯ್ದೆ, ಫಾರ್ಮ್‌ಗಳ ಹೆಸರೇ ಇನ್ನೂ ಕೇಳಿಬರುತ್ತದೆ. ಈ ಲೇಖನದಲ್ಲೂ ಅವನ್ನೇ ಬಳಸಲಾಗಿದೆ.

ಎರಡು ಬೆರಳಿನ ಲೆಕ್ಕ

ನಮ್ಮ ಪ್ರೆಸ್ ಕೆಲಸಗಾರನ ವಯಸ್ಸು 30, ಸಂಬಳ 18,000 ಎಂದಿಟ್ಟುಕೊಳ್ಳಿ. ಶೆಡ್ಡಿನಲ್ಲಿ ಏಳೇ ಜನ, ಇಎಸ್‌ಐ ಇಲ್ಲ. ಪರಿಹಾರ ಕಾಯ್ದೆಯಲ್ಲಿ ಸಂಬಳಕ್ಕೆ ಮಿತಿಯಿದೆ. 2010ರಿಂದ 8,000 ಇದ್ದದ್ದು 2020ರ ಜನವರಿ 3ರಿಂದ 15,000 ಆಯಿತು. ಆದ್ದರಿಂದ ಲೆಕ್ಕಕ್ಕೆ ಬರುವುದು 18,000 ಅಲ್ಲ, 15,000. ಅದರ ಶೇ 60 ಎಂದರೆ 9,000. ಮೂವತ್ತರ ವಯಸ್ಸಿಗೆ ಗುಣಕ 207.98. ಗುಣಿಸಿದರೆ 18,71,820 ರೂಪಾಯಿ. ಇದು ದುಡಿಯುವ ಶಕ್ತಿ ಪೂರ್ತಿ ಹೋದವನಿಗೆ. ಒಂದು ಕೈಯ ಎರಡು ಬೆರಳು ಹೋದರೆ ಕಾಯ್ದೆಯ ಅನುಸೂಚಿಯಲ್ಲಿ (ಗಾಯಗಳ ಪಟ್ಟಿಯಲ್ಲಿ) ಶೇ 20 ಎಂದಿದೆ. ಹಾಗಾಗಿ 3,74,364.

ಗುಣಕ ವಯಸ್ಸಿನ ಜೊತೆ ಇಳಿಯುತ್ತದೆ: 40ಕ್ಕೆ 184.17, 50ಕ್ಕೆ 153.09. ಆಧಾರ್‌ನಲ್ಲಿ ಒಂದು ವಯಸ್ಸು, ಶಾಲೆಯ ಟಿಸಿಯಲ್ಲಿ ಇನ್ನೊಂದು ಇದ್ದರೆ ವಿಮಾ ಕಂಪನಿಯ ವಕೀಲರು ಹೆಚ್ಚಿನದನ್ನೇ ಹಿಡಿಯುತ್ತಾರೆ. ಅರ್ಜಿ ಹಾಕುವ ಮುಂಚೆ ಇದನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಅದೇ ಶೆಡ್ಡಿನಲ್ಲಿ ಹನ್ನೆರಡು ಜನ ಇದ್ದು ಇಎಸ್‌ಐ ಇದ್ದಿದ್ದರೆ? ಗಾಯ ಮಾಯುವ ತನಕ ದಿನಗೂಲಿಯ ಶೇ 90 ತಾತ್ಕಾಲಿಕ ಅಂಗವಿಕಲತೆಯ ಸೌಲಭ್ಯ, ಅಂದರೆ ದಿನಕ್ಕೆ ಸುಮಾರು 540 ರೂಪಾಯಿ. ಪರಿಹಾರ ಕಾಯ್ದೆಯಲ್ಲಿ ಇದೇ ಅವಧಿಗೆ ಸಿಗುವುದು ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ 25. ಮಿತಿಯ ಲೆಕ್ಕದಲ್ಲಿ 3,750, ಅಂದರೆ ದಿನಕ್ಕೆ 250. ಗಾಯ ಮಾಯ್ದ ಮೇಲೆ ಇಎಸ್‌ಐನಲ್ಲಿ ಆ 540ರ ಶೇ 20, ಅಂದರೆ ದಿನಕ್ಕೆ ಸುಮಾರು 108 ರೂಪಾಯಿ, ತಿಂಗಳಿಗೆ 3,240, ಜೀವನಪೂರ್ತಿ. ಒಂಬತ್ತೂವರೆ ವರ್ಷ ದಾಟುವಷ್ಟರಲ್ಲಿ ಇದು ಆ ಇಡಿಗಂಟನ್ನು ಮೀರಿಸುತ್ತದೆ; ಇಡಿಗಂಟನ್ನು ಬ್ಯಾಂಕಿನಲ್ಲಿಟ್ಟರೆ ಬರುವ ಬಡ್ಡಿ ಸೇರಿಸಿದರೂ ಮೂವತ್ತರ ಯುವಕನಿಗೆ ಇಎಸ್‌ಐ ಮೇಲು. ‘ಇಎಸ್‌ಐ ಅಂದ್ರೆ ಬರೀ ಮಾತ್ರೆ’ ಎನ್ನುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು. ನಿಜಕ್ಕೂ ನಡುವೆ ಸಿಕ್ಕಿಬೀಳುವವರು 22–25 ಸಾವಿರ ಸಂಬಳದ ಮೆಷಿನ್ ಆಪರೇಟರ್‌ಗಳು, ಸೂಪರ್‌ವೈಸರ್‌ಗಳು. ಇಎಸ್‌ಐ ಮಿತಿ ಮೀರಿದ್ದಾರೆ, ಪರಿಹಾರದ ಲೆಕ್ಕಕ್ಕೆ ಮಾತ್ರ ಅವರ ಸಂಬಳ 15,000. ಕಂಪನಿ ಗುಂಪು ಅಪಘಾತ ವಿಮೆ ಮಾಡಿಸದಿದ್ದರೆ ಇವರಿಗೆ ಎರಡೂ ಕಡೆ ನಷ್ಟ.

ಮೊದಲ ದಿನದ ಕಾಗದ

ಅಪಘಾತವಾದ ಕೂಡಲೇ ಸೂಪರ್‌ವೈಸರ್ ಹತ್ತಿರದ ಖಾಸಗಿ ನರ್ಸಿಂಗ್ ಹೋಮಿಗೆ ಕರೆದೊಯ್ಯುತ್ತಾನೆ. ‘ಖರ್ಚೆಲ್ಲ ಸಾಹೇಬ್ರು ನೋಡ್ಕೋತಾರೆ, ಪೊಲೀಸು ಗೀಲೀಸು ಬೇಡ’ ಎನ್ನುತ್ತಾನೆ. ಕೇಸ್ ಶೀಟಿನಲ್ಲಿ ಗಾಯದ ಕಾರಣ ಎಂಬ ಕಾಲಂ ಇರುತ್ತದೆ. ನೋವಿನಲ್ಲಿರುವವನ ಬದಲು ಸೂಪರ್‌ವೈಸರ್ ಉತ್ತರ ಕೊಡುತ್ತಾನೆ. ‘ಬೈಕಿನ ಚೈನಿಗೆ ಸಿಕ್ಕಿತು’ ಎಂದು ದಾಖಲಾಗುತ್ತದೆ. ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಮೊದಲು ಎತ್ತಿಕೊಳ್ಳುವುದೇ ಆ ಸಾಲನ್ನು.

ಅದಕ್ಕೇ ವೈದ್ಯರೊಡನೆ ಗಾಯಾಳು ಅಥವಾ ಅವನ ಮನೆಯವರೇ ಮಾತನಾಡಬೇಕು. ಕಾರ್ಖಾನೆಯ ಹೆಸರು, ಯಂತ್ರ, ಸಮಯ, ‘ಕೆಲಸದ ವೇಳೆ’ ಎಂಬ ಮಾತು ಕೇಸ್ ಶೀಟಿನಲ್ಲಿ ಬರಲಿ. ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಮಾಡಿಸಲು ಕೇಳಬೇಕು. ಖಾಸಗಿಯವರು ಒಲ್ಲೆ ಎಂದರೆ, ಮೊದಲ ಆರೈಕೆಯಾದ ಕೂಡಲೇ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ವೂಂಡ್ ಸರ್ಟಿಫಿಕೇಟ್ ಪಡೆಯಬಹುದು. ಪೊಲೀಸರು ದೂರು ಪಡೆದರೆ ಎಫ್‌ಐಆರ್, ಸ್ಥಳ ಮಹಜರು ಆಗುತ್ತದೆ. ಮಹಜರಿನಲ್ಲಿ ಪ್ರೆಸ್ಸಿಗೆ ಗಾರ್ಡ್ ಇತ್ತೋ ಇಲ್ಲವೋ, ಎರಡೂ ಕೈಯಲ್ಲಿ ಒತ್ತುವ ಬಟನ್ ಕೆಲಸ ಮಾಡುತ್ತಿತ್ತೋ, ಅಥವಾ ಉತ್ಪಾದನೆ ಬೇಗವಾಗಲೆಂದು ಕಾಲು ಪೆಡಲ್ ಜೋಡಿಸಿದ್ದರೋ ಎಂಬುದು ಬಂದರೆ ಮುಂದೆ ಬಹಳ ಉಪಯೋಗ. ಎಫ್‌ಐಆರ್ ಇಲ್ಲವೆಂದ ಮಾತ್ರಕ್ಕೆ ಪರಿಹಾರ ತಪ್ಪುವುದಿಲ್ಲ. ಆದರೆ ಅದಿಲ್ಲದ ಕೇಸುಗಳಲ್ಲಿ ಹೋರಾಟ ಹೆಚ್ಚು.

ಕೆಲಸದ ಸಂಬಂಧ ತೋರಿಸುವುದು ಇನ್ನೊಂದು ತಲೆನೋವು. ನೇಮಕಾತಿ ಪತ್ರ ಇರುವುದು ಅಪರೂಪ. ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಸಂಬಳ ಬಂದ ಫೋನ್‌ಪೇ, ಗೂಗಲ್‌ಪೇ ಎಂಟ್ರಿಗಳು, ಶಿಫ್ಟ್ ಹೇಳುವ ವಾಟ್ಸ್ಆ್ಯಪ್ ಗುಂಪಿನ ಸಂದೇಶಗಳು, ಗೇಟ್ ಪಾಸ್, ಮಸ್ಟರ್ ರೋಲ್‌ನ ಫೋಟೊ, ಜೊತೆ ಕೆಲಸಗಾರರ ಸಾಕ್ಷಿ, ಆಸ್ಪತ್ರೆ ಬಿಲ್ಲನ್ನು ಮಾಲೀಕನ ಖಾತೆಯಿಂದ ಕಟ್ಟಿದ ರಸೀದಿ, ಇವೆಲ್ಲ ಸಾಕ್ಷ್ಯಗಳೇ. ಗುಂಪಿನಿಂದ ತೆಗೆದುಹಾಕುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರಿಗೆ ಕಳಿಸಿಡುವುದು ಜಾಣತನ. ಕಾಂಟ್ರ್ಯಾಕ್ಟರ್ ಮೂಲಕ ಬಂದವರಿಗೆ ಇನ್ನೊಂದು ಅನುಕೂಲವಿದೆ. ಪ್ರಧಾನ ಮಾಲೀಕನ ವ್ಯಾಪಾರದ ಭಾಗವಾದ ಕೆಲಸವನ್ನು ಅವನ ಜಾಗದಲ್ಲೇ ಮಾಡುತ್ತಿದ್ದರೆ ಪರಿಹಾರ ಕೊಡುವ ಹೊಣೆ ಪ್ರಧಾನ ಮಾಲೀಕನ ಮೇಲೂ ಬರುತ್ತದೆ. ಕಾಂಟ್ರ್ಯಾಕ್ಟರ್‌ನಿಂದ ವಸೂಲು ಮಾಡಿಕೊಳ್ಳುವುದು ಅವನ ಪಾಡು. ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡದೆ ಮೊಬೈಲ್ ಸ್ವಿಚ್ ಆಫ್ ಮಾಡಿಕೊಂಡ ಮೇಸ್ತ್ರಿಯೊಬ್ಬನ ಮೇಲೆ ಕೇಸು ಹಾಕಿ ಕೂತರೆ ಆದೇಶ ಬಂದರೂ ದುಡ್ಡು ಬರುವುದಿಲ್ಲ.

‘ತಪ್ಪು ಅವನದೇ’ ಎನ್ನುವುದು ಮಾಲೀಕರ ಸಿದ್ಧ ಉತ್ತರ. ಈ ಕಾನೂನಿನಲ್ಲಿ ಅಜಾಗರೂಕತೆ ನೆಪವಲ್ಲ. ಕುಡಿದಿದ್ದ, ಸುರಕ್ಷತಾ ಸೂಚನೆಯನ್ನು ಬೇಕೆಂದೇ ಮೀರಿದ, ಗಾರ್ಡನ್ನು ಬೇಕೆಂದೇ ತೆಗೆದ, ಇವುಗಳಲ್ಲಿ ಒಂದನ್ನು ಮಾಲೀಕ ಸಾಬೀತು ಮಾಡಬೇಕು. ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಆಗಿದ್ದರೆ ಆ ವಾದಗಳೂ ನಡೆಯುವುದಿಲ್ಲ.

ಇಎಸ್‌ಐ ಕಚೇರಿಯ ಸರದಿ

ಇಎಸ್‌ಐ ಇದ್ದವರ ಕೆಲಸ ಕಾಗದದಲ್ಲಿ ಹೀಗೆ ಸಾಗುತ್ತದೆ. ಮಾಲೀಕ ಅಪಘಾತ ಪುಸ್ತಕದಲ್ಲಿ ಬರೆದು, ಫಾರ್ಮ್ 12ರ ವರದಿಯನ್ನು 24 ಗಂಟೆಯೊಳಗೆ ಶಾಖಾ ಕಚೇರಿಗೂ ವಿಮಾ ವೈದ್ಯಾಧಿಕಾರಿಗೂ ಕಳಿಸಬೇಕು, ಸಾವು ಅಥವಾ ಅಂಗ ಕಳೆದುಕೊಳ್ಳುವಂಥ ಗಂಭೀರ ಗಾಯವಾಗಿದ್ದರೆ ಕೂಡಲೇ. ಅವನು ಕಳಿಸದಿದ್ದರೆ ಗಾಯಾಳುವೇ ಬರವಣಿಗೆಯಲ್ಲಿ ಶಾಖೆಗೆ ತಿಳಿಸಿ ಸ್ವೀಕೃತಿ ಮುದ್ರೆ ಪಡೆಯಬೇಕು. ಖಾಸಗಿ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ ಆಗಿದ್ದರೂ ಬೇಗನೆ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಸರ್ಟಿಫಿಕೇಟ್ ಆರಂಭಿಸದಿದ್ದರೆ ನಡುವಿನ ದಿನಗಳ ಹಣ ಸಿಕ್ಕಿಬೀಳುತ್ತದೆ. ಮೊದಲ ಸರ್ಟಿಫಿಕೇಟ್, ಮಧ್ಯಂತರ ಸರ್ಟಿಫಿಕೇಟ್‌ಗಳು, ಕೊನೆಗೆ ‘ಫೈನಲ್’, ಇವುಗಳ ತಾರೀಖುಗಳ ನಡುವೆ ಒಂದು ದಿನವೂ ಬಿಟ್ಟುಹೋಗಬಾರದು. ಹಣದ ಬೇಡಿಕೆ ಫಾರ್ಮ್ 9ರಲ್ಲಿ. ಕಾಯಿಲೆಯ ಸೌಲಭ್ಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತಿದೆ, ಸಿಗುವುದೂ ಶೇ 70. ಕೆಲಸದ ಗಾಯಕ್ಕೆ ಅಂಥ ಷರತ್ತಿಲ್ಲ, ಕೆಲಸಕ್ಕೆ ಸೇರಿದ ದಿನವೇ ಅಪಘಾತವಾದರೂ ಶೇ 90. ಗುಮಾಸ್ತರು ಅಪಘಾತದ ವರದಿ ಬಂದಿಲ್ಲವೆಂದು ಇದನ್ನು ಕಾಯಿಲೆಯ ಖಾತೆಗೆ ಹಾಕಿ ಹಣ ಬಿಡುಗಡೆ ಮಾಡಿದರೆ, ಶೇ 20ರ ವ್ಯತ್ಯಾಸ ಚಿಕ್ಕ ನಷ್ಟ. ದೊಡ್ಡ ನಷ್ಟವೆಂದರೆ ಅದು ‘ಉದ್ಯೋಗ ಗಾಯ’ ಎಂದು ದಾಖಲಾಗದೆ ಉಳಿಯುವುದು. ಆಮೇಲೆ ಶಾಶ್ವತ ಸೌಲಭ್ಯಕ್ಕೆ ಬುಡವೇ ಇಲ್ಲದಂತಾಗುತ್ತದೆ.

ಫೈನಲ್ ಸರ್ಟಿಫಿಕೇಟ್ ಸಿಕ್ಕಿ ಕೆಲಸಕ್ಕೆ ಮರಳಿದ ಕೂಡಲೇ ಎಷ್ಟೋ ಜನ ಎಲ್ಲ ಮುಗಿಯಿತೆಂದುಕೊಳ್ಳುತ್ತಾರೆ. ಹಣ ಹೆಚ್ಚು ಕಳೆದುಹೋಗುವುದು ಇಲ್ಲೇ. ಬೆರಳು ಹೋಗಿದೆ, ಮೊಣಕೈ ಮಡಚುವುದಿಲ್ಲ, ಒಂದು ಕಣ್ಣು ಮಂಜು ಎಂದರೆ ಮೆಡಿಕಲ್ ಬೋರ್ಡಿಗೆ ಕಳಿಸುವಂತೆ ಅರ್ಜಿ ಕೊಡಬೇಕು. ತಾತ್ಕಾಲಿಕ ಸೌಲಭ್ಯ ಮುಗಿದ 12 ತಿಂಗಳೊಳಗೆ ಇದಾಗಬೇಕು. ಸಂಬಳ ಬರುತ್ತಿದೆ ಎಂಬ ಕಾರಣಕ್ಕೆ ಶಾಶ್ವತ ಅಂಗವಿಕಲತೆಯ ಹಣ ನಿಲ್ಲುವುದಿಲ್ಲ. ಅದೇ ಕಾರ್ಖಾನೆಯಲ್ಲಿ ಅದೇ ಸಂಬಳಕ್ಕೆ ದುಡಿಯುತ್ತಿದ್ದರೂ ಎರಡೂ ಸಿಗುತ್ತವೆ. ಬೋರ್ಡು ಶೇಕಡಾವಾರು ಕಡಿಮೆ ಹಾಕಿದರೆ ಮೂರು ತಿಂಗಳೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ, ಇಲ್ಲವೇ ನೇರವಾಗಿ ನೌಕರರ ವಿಮಾ ನ್ಯಾಯಾಲಯಕ್ಕೆ ಹೋಗಬಹುದು. ತಾತ್ಕಾಲಿಕ ಸೌಲಭ್ಯ ಪಡೆಯುತ್ತಿರುವಾಗ ಮಾಲೀಕ ಕೆಲಸದಿಂದ ತೆಗೆಯುವಂತಿಲ್ಲ ಎನ್ನುವುದನ್ನೂ ನೆನಪಿಡಬೇಕು.

ಯಾವ ಶೇಕಡಾ?

ಒಂದೇ ಗಾಯಕ್ಕೆ ಮೂರು ಬೇರೆ ಬೇರೆ ಶೇಕಡಾವಾರು ಹುಟ್ಟಬಹುದು. ಯುಡಿಐಡಿ ಕಾರ್ಡಿಗೆಂದು (ಅಂಗವಿಕಲರ ಗುರುತಿನ ಚೀಟಿ) ಜಿಲ್ಲಾ ಆಸ್ಪತ್ರೆ ಕೊಡುವುದು ದೇಹದ ಊನದ ಪ್ರಮಾಣ. ಶೇ 40 ದಾಟಿದರೆ ಸರ್ಕಾರಿ ಸೌಲಭ್ಯಗಳಿಗೆ ಅರ್ಹತೆ. ಮೂಳೆ ವೈದ್ಯರು ಕೋರ್ಟಿಗೆ ಬರೆಯುವಾಗ ‘ಬಲಗೈಗೆ ಶೇ 36, ಇಡೀ ದೇಹಕ್ಕೆ ಶೇ 12’ ಎಂದು ಬರೆಯುತ್ತಾರೆ. ಪರಿಹಾರದ ಕಾನೂನು ಕೇಳುವುದು ಇವೆರಡನ್ನೂ ಅಲ್ಲ. ದುಡಿದು ಗಳಿಸುವ ಶಕ್ತಿ ಎಷ್ಟು ಹೋಯಿತು ಎಂಬುದನ್ನು ಕೇಳುತ್ತದೆ. ಅನುಸೂಚಿಯಲ್ಲಿರುವ ಗಾಯಗಳಿಗೆ ಕಾನೂನೇ ಪ್ರಮಾಣ ಹೇಳಿದೆ: ಹೆಬ್ಬೆರಳು ಪೂರ್ತಿ ಹೋದರೆ ಶೇ 30, ಒಂದು ಕೈಯ ನಾಲ್ಕು ಬೆರಳಿಗೆ 50, ಹಸ್ತವೇ ಹೋದರೆ 60, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ 40. ಅಲ್ಲಿಲ್ಲದವು, ಉದಾಹರಣೆಗೆ ಕೂಡದ ಸೊಂಟದ ಮೂಳೆ, ಮಡಚದ ಮೊಣಕಾಲು, ಇವುಗಳಿಗೆ ಅರ್ಹ ವೈದ್ಯರು ಗಳಿಕೆ ಶಕ್ತಿಯ ನಷ್ಟವನ್ನು ಅಂದಾಜಿಸಿ ಹೇಳಬೇಕು.

ಆ ವೈದ್ಯರ ವರದಿಯಲ್ಲಿ ಕಸುಬಿನ ವಿವರ ಇಲ್ಲದಿದ್ದರೆ ಅದು ಅರ್ಧ ವರದಿ. ‘ಮೊಣಕಾಲು 70 ಡಿಗ್ರಿವರೆಗೆ ಮಾತ್ರ ಮಡಚುತ್ತದೆ’ ಎಂಬಲ್ಲಿಗೆ ನಿಲ್ಲಿಸಬಾರದು. ‘ಈತ ಟೈಲ್ಸ್ ಹಾಕುವವನು, ಕುಕ್ಕರಗಾಲಲ್ಲಿ ಕೂರಲಾರ, ಆ ಕೆಲಸ ಮಾಡಲಾರ’ ಎಂಬವರೆಗೆ ಬರಬೇಕು. ಇದಕ್ಕೆ ಗಟ್ಟಿ ಆಧಾರ 1975ರ ಸುಪ್ರೀಂ ಕೋರ್ಟ್ ತೀರ್ಪು. ಬಡಗಿಯೊಬ್ಬನ ಎಡಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಬೇಕಾಗಿ ಬಂದಿತ್ತು. ಅನುಸೂಚಿ ಹಿಡಿದರೆ ಭಾಗಶಃ ನಷ್ಟ. ಆದರೆ ಒಂಟಿ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಹಾಗಾಗಿ ನಷ್ಟ ನೂರಕ್ಕೆ ನೂರು ಎಂದು ಆಯುಕ್ತರು ಹೇಳಿದ್ದನ್ನು ಕೋರ್ಟು ಎತ್ತಿಹಿಡಿಯಿತು. ನಮ್ಮ ಪ್ರೆಸ್ ಕೆಲಸಗಾರನ ನಷ್ಟ ಶೇ 20ರ ಬದಲು 40 ಎಂದು ಸಾಬೀತಾದರೆ ಮೊತ್ತ 7,48,728 ಆಗುತ್ತದೆ. ವಾದ ಮಾಡಬೇಕಾದ ಜಾಗ ಇದು. ನೋವು ಸಂಕಟದ ವರ್ಣನೆಗೆ ಈ ಕಾನೂನಿನಲ್ಲಿ ಬೇರೆ ಬೆಲೆಯಿಲ್ಲ.

ವರದಿ ಕೊಟ್ಟ ವೈದ್ಯರು ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕು. ಕೇಸು ಹೆಚ್ಚು ನಿಲ್ಲುವುದು ಇವರಿಗಾಗಿ ಕಾಯುವುದರಲ್ಲೇ. ಚಿಕಿತ್ಸೆ ಕೊಟ್ಟ ವೈದ್ಯರೇ ಬಂದರೆ ಅವರ ಮಾತಿಗೆ ತೂಕ ಹೆಚ್ಚು. ಗಾಯಾಳುವನ್ನು ಒಮ್ಮೆ ಮಾತ್ರ ನೋಡಿ ಸರ್ಟಿಫಿಕೇಟ್ ಕೊಟ್ಟವರ ಮಾತನ್ನು ಎದುರು ವಕೀಲರು ಸುಲಭವಾಗಿ ಅಲುಗಾಡಿಸುತ್ತಾರೆ.

ದಾರಿಯಲ್ಲಿ ಆದದ್ದು, ಲಾರಿಯಲ್ಲಿ ಆದದ್ದು

ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಅಪಘಾತವನ್ನು ಕೆಲಸದ ಗಾಯವೆಂದು ಒಪ್ಪಿಸುವುದು ಬಹುಕಾಲ ಕಷ್ಟವಿತ್ತು. ಇಎಸ್‌ಐ ಕಾಯ್ದೆಗೆ 2010ರಲ್ಲಿ ಸೇರಿಸಿದ 51ಇ ಸೆಕ್ಷನ್ ಅದನ್ನು ಒಪ್ಪಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕಾಯ್ದೆಯನ್ನೂ ಹಾಗೆಯೇ ಓದಬೇಕೆಂದಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರ ನಸುಕಿನ ಮೂರರ ಪಾಳಿಗೆ ಹೊರಟು ಕಾರ್ಖಾನೆಗೆ ಐದು ಕಿಲೋಮೀಟರ್ ಇರುವಾಗ ಸತ್ತ ಪ್ರಕರಣ ಅದು. ಹೊಸ ಸಂಹಿತೆಯಲ್ಲೂ ಈ ಮಾತಿದೆ. ಆದರೆ ಸಮಯ, ಸ್ಥಳ, ಸಂದರ್ಭ ಮೂರೂ ಕೆಲಸಕ್ಕೆ ಹೊಂದಬೇಕು. ಪಾಳಿ ಮುಗಿಸಿ ಗೆಳೆಯನ ಮನೆಗೆ ಸುತ್ತು ಹಾಕಿದ್ದರೆ ಕಷ್ಟ. ಪಾಳಿಯ ಪಟ್ಟಿ, ಬಯೊಮೆಟ್ರಿಕ್ ಪಂಚ್, ಎಂದಿನ ದಾರಿಯ ನಕ್ಷೆ ಇಲ್ಲಿ ಮುಖ್ಯ ಸಾಕ್ಷ್ಯ.

ಲಾರಿ ಚಾಲಕರು, ಕ್ಲೀನರ್‌ಗಳು, ಹಮಾಲಿಗಳಿಗೆ ಇನ್ನೊಂದು ಕವಲಿದೆ. ಮೋಟಾರು ವಾಹನ ಕಾಯ್ದೆ ಅಥವಾ ಪರಿಹಾರ ಕಾಯ್ದೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಎರಡೂ ಇಲ್ಲ. ಎದುರಿನ ವಾಹನದ ತಪ್ಪಿದ್ದರೆ ಮೋಟಾರು ನ್ಯಾಯಮಂಡಳಿಯಲ್ಲಿ ಮೊತ್ತ ದೊಡ್ಡದು, ಸಂಬಳದ ಮಿತಿಯಿಲ್ಲ. ಚಾಲಕನದೇ ತಪ್ಪಿದ್ದರೆ ಅಲ್ಲಿ ಅವನಿಗೆ ಕಷ್ಟ. ತಪ್ಪು ಯಾರದೆಂದು ಕೇಳದ ಪರಿಹಾರ ಕಾಯ್ದೆಯೇ ಸೂಕ್ತ. ಗಡುವು ನೋಡಿಕೊಳ್ಳಬೇಕು: ಮೋಟಾರು ಅರ್ಜಿಗೆ 2022ರ ಏಪ್ರಿಲ್‌ನಿಂದ ಆರು ತಿಂಗಳು, ಪರಿಹಾರ ಅರ್ಜಿಗೆ ಎರಡು ವರ್ಷ. ಲಾರಿಯ ಪಾಲಿಸಿಯಲ್ಲಿ ಎಷ್ಟು ಜನ ನೌಕರರಿಗೆ ಪ್ರೀಮಿಯಂ ಕಟ್ಟಿದೆ ಎಂದು ಅರ್ಜಿಗೆ ಮುಂಚೆಯೇ ನೋಡಿ.

ಸ್ಟ್ಯಾಂಪ್ ಪೇಪರಿನ ರಾಜಿ

ಸತ್ತವನ ಮಣ್ಣು ಮುಗಿದ ಮೂರನೇ ದಿನ ಊರ ಹಿರಿಯರ ಮುಂದೆ ಕೂತು, ‘ಎರಡು ಲಕ್ಷ ಕೊಡ್ತೀವಿ, ಮುಂದೆ ಏನೂ ಕೇಳಬಾರದು’ ಎಂದು ಸ್ಟ್ಯಾಂಪ್ ಪೇಪರಿಗೆ ಸಹಿ ಹಾಕಿಸಿಕೊಳ್ಳುವುದು ಕಟ್ಟಡ ಕೆಲಸದಲ್ಲಿ ಮಾಮೂಲು. ಆ ಕಾಗದಕ್ಕೆ ಕಾನೂನಿನ ಬೆಲೆಯಿಲ್ಲ. ಪರಿಹಾರದ ಹಕ್ಕು ಬಿಟ್ಟುಕೊಡುವ ಯಾವ ಒಪ್ಪಂದವೂ ಅನೂರ್ಜಿತ. ಸಾವಿನ ಪರಿಹಾರವನ್ನು ಮಾಲೀಕ ಆಯುಕ್ತರಲ್ಲಿ ಠೇವಣಿ ಇಡಲೇಬೇಕು. ಕುಟುಂಬದ ಕೈಗೆ ನೇರ ಕೊಟ್ಟದ್ದರಲ್ಲಿ ಮೂರು ತಿಂಗಳ ಸಂಬಳದಷ್ಟು ಮುಂಗಡ ಬಿಟ್ಟರೆ ಉಳಿದದ್ದು ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. 35 ವರ್ಷದವನ ಸಾವಿಗೆ ಕಾನೂನಿನ ಮೊತ್ತ 15,000ರ ಅರ್ಧವನ್ನು 197.06ರಿಂದ ಗುಣಿಸಿದ 14,77,950 ರೂಪಾಯಿ. ಎರಡು ಲಕ್ಷದ ರಾಜಿ ಏಕೆ ಅಷ್ಟು ಅವಸರದಲ್ಲಿ ಆಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಆಸ್ಪತ್ರೆಯ ಖರ್ಚಿನ ವಿಷಯವೂ ಹೀಗೆಯೇ. ಚಿಕಿತ್ಸೆಗೆ ಮಾಲೀಕ ಕೊಟ್ಟದ್ದನ್ನು ಪರಿಹಾರದಿಂದ ಕಳೆಯುವಂತಿಲ್ಲ. ನೌಕರನೇ ಖರ್ಚು ಮಾಡಿದ್ದರೆ ಬಿಲ್ ತೋರಿಸಿ ಬೇರೆಯಾಗಿ ಕೇಳಬಹುದು.

ಅರ್ಜಿ ಎಲ್ಲಿ, ಬಡ್ಡಿ ಎಂದಿನಿಂದ

ಯಾದಗಿರಿಯಿಂದ ಬೆಂಗಳೂರಿಗೆ ಬಂದು ಸೆಂಟ್ರಿಂಗ್‌ನಿಂದ ಬಿದ್ದವನು ಬೆಂಗಳೂರಿನಲ್ಲೇ ಕೇಸು ನಡೆಸಬೇಕಾಗಿಲ್ಲ. ಅಪಘಾತವಾದ ಜಾಗ, ಅರ್ಜಿದಾರ ವಾಸಿಸುವ ಜಾಗ, ಮಾಲೀಕನ ನೋಂದಾಯಿತ ಕಚೇರಿಯ ಜಾಗ, ಮೂರರಲ್ಲಿ ಎಲ್ಲಿಯಾದರೂ ಹಾಕಬಹುದು. ಕರ್ನಾಟಕದಲ್ಲಿ ಈ ಅರ್ಜಿಗಳನ್ನು ಆಯುಕ್ತರ ಅಧಿಕಾರವಿರುವ ಹಿರಿಯ ಸಿವಿಲ್ ನ್ಯಾಯಾಧೀಶರು ಕೇಳುತ್ತ ಬಂದಿದ್ದಾರೆ. ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಬಂದ ಪರಿಹಾರದಲ್ಲಿ ಪಾಲು ಕೇಳುವ ವಕೀಲರಿಗಿಂತ ಇದು ಎಷ್ಟೋ ಮೇಲು.

ಕಾನೂನು ಮೂರು ತಿಂಗಳಲ್ಲಿ ಮುಗಿಸಿ ಎನ್ನುತ್ತದೆ, ಹಾಗೆ ಮುಗಿಯುವುದಿಲ್ಲ. ತಡಕ್ಕೆ ಪರಿಹಾರವೆಂದರೆ ಬಡ್ಡಿ. ಪರಿಹಾರ ಬಾಕಿಯಾಗುವುದು ಆದೇಶದ ದಿನವಲ್ಲ, ಅಪಘಾತದ ದಿನವೇ ಎಂದು ಸುಪ್ರೀಂ ಕೋರ್ಟ್ 1975ರ ಅದೇ ತೀರ್ಪಿನಲ್ಲಿ ಹೇಳಿ 2012ರಲ್ಲಿ ಮತ್ತೆ ದೃಢಪಡಿಸಿದೆ. ವರ್ಷಕ್ಕೆ ಶೇ 12. ನಮ್ಮ 3,74,364ಕ್ಕೆ ಮೂರು ವರ್ಷದ ಬಡ್ಡಿಯೇ 1,34,771 ರೂಪಾಯಿ. ಅಪಘಾತವಾಗಿ ಒಂದು ತಿಂಗಳ ನಂತರದಿಂದ ಬಡ್ಡಿ ಹಾಕಿದ ಆದೇಶಗಳೂ ಇವೆ. ಅರ್ಜಿಯ ದಿನದಿಂದ ಅಥವಾ ಆದೇಶದ ದಿನದಿಂದ ಹಾಕಿದ್ದರೆ ಮಾತ್ರ ಬಿಡಬಾರದು. ಸಕಾರಣವಿಲ್ಲದೆ ಸತಾಯಿಸಿದ ಮಾಲೀಕನಿಗೆ ಮೊತ್ತದ ಶೇ 50ರವರೆಗೆ ದಂಡವೂ ಉಂಟು. ಬಡ್ಡಿಯನ್ನು ಸಾಮಾನ್ಯವಾಗಿ ವಿಮಾ ಕಂಪನಿ ಕಟ್ಟಬೇಕು, ದಂಡ ಮಾಲೀಕನ ಜೇಬಿನಿಂದ. ದಂಡ ಕೇಳದೆಯೇ ಅರ್ಜಿ ಬರೆಯುವವರು ಬಹಳ.

ಮಾಲೀಕ ಹೈಕೋರ್ಟಿಗೆ ಹೋಗಬೇಕಾದರೆ 60 ದಿನದೊಳಗೆ, ಪೂರ್ತಿ ಹಣ ಠೇವಣಿ ಇಟ್ಟು ಹೋಗಬೇಕು; ಕಾನೂನಿನ ಗಣನೀಯ ಪ್ರಶ್ನೆ ಇದ್ದರೆ ಮಾತ್ರ. ಅಂಗವಿಕಲತೆಯ ಶೇಕಡಾವಾರನ್ನು ಹೈಕೋರ್ಟು ಮತ್ತೆ ತೂಗಿ ಕಡಿಮೆ ಮಾಡುವುದು ಸರಿಯಲ್ಲ ಎಂದು ಕರ್ನಾಟಕದಿಂದಲೇ ಹೋದ ಗೊಲ್ಲ ರಾಜಣ್ಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಶೇಕಡಾವಾರಿನ ಯುದ್ಧ ಕೆಳಗಿನ ಕೋರ್ಟಿನಲ್ಲೇ ಗೆಲ್ಲಬೇಕು. ಅಲ್ಲಿ ಸೋತರೆ ನೌಕರನಿಗೂ ಇದೇ ಬಾಗಿಲು ಮುಚ್ಚುತ್ತದೆ.

ಪಕ್ಕದಲ್ಲೇ ಇರುವ ಇತರ ಹಣ

ಪಿಎಫ್ ಇದ್ದವರು ಪೂರ್ಣವಾಗಿ, ಶಾಶ್ವತವಾಗಿ ದುಡಿಯಲಾಗದಂತಾದರೆ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕಿಲ್ಲ. ಒಂದು ತಿಂಗಳ ವಂತಿಗೆ ಸಂದಿದ್ದರೂ ಫಾರ್ಮ್ 10-ಡಿ ಹಾಕಬಹುದು. ಸೇವೆಯಲ್ಲಿದ್ದಾಗ ಸತ್ತರೆ ಪಿಎಫ್ ಜೊತೆಗೇ ಬರುವ ಠೇವಣಿ ಸಂಬಂಧಿತ ವಿಮೆಯಿಂದ 7 ಲಕ್ಷದವರೆಗೆ ಬರುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಇದ್ದರೆ ಅಲ್ಲಿನ ಅಪಘಾತ ಸಹಾಯಧನ ಬೇರೆ. ಅದು ಮಾಲೀಕನ ಪರಿಹಾರಕ್ಕೆ ಬದಲಿಯಲ್ಲ. ಸಾರಿಗೆ ನಿಗಮದಂಥ ಸರ್ಕಾರಿ ಸಂಸ್ಥೆಗಳಲ್ಲಿ ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ತೆಗೆಯುವಂತಿಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು.

ಇಷ್ಟೆಲ್ಲ ಸರಾಗವಾಗಿ ನಡೆಯದ ಒಂದು ವರ್ಗವಿದೆ: ಕಲ್ಲು ಕ್ವಾರಿ, ಕ್ರಷರ್, ಗ್ರಾನೈಟ್ ಕಟಿಂಗ್‌ನವರು. ಸಿಲಿಕೋಸಿಸ್ ಕಾನೂನಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಹಲವು ಮಾಲೀಕರ ಬಳಿ ದುಡಿದಿದ್ದರೆ ಹೊಣೆಯನ್ನು ಅವರ ನಡುವೆ ಹಂಚುವ ನಿಯಮವೂ ಇದೆ. ಆದರೆ ಕೆಮ್ಮು, ಜ್ವರ ಎಂದು ಹೋದವರಿಗೆ ಟಿಬಿ ಎಂದು ಬರೆದು ಮಾತ್ರೆ ಶುರುವಾಗುತ್ತದೆ. ಕಫದಲ್ಲಿ ಕ್ರಿಮಿ ಕಾಣದೆ, ಮಾತ್ರೆಗೆ ಬಗ್ಗದೆ ಕೆಮ್ಮು ಹೆಚ್ಚುತ್ತಿದ್ದರೆ ಎದೆಯ ಎಕ್ಸ್‌ರೇಯನ್ನು ಸಿಲಿಕೋಸಿಸ್‌ಗಾಗಿ ಓದಿಸಬೇಕು. ಹೊರರೋಗಿ ಚೀಟಿಯಲ್ಲಿ ಯಾವ ಕ್ವಾರಿ, ಎಷ್ಟು ವರ್ಷ, ಡ್ರಿಲ್ಲಿಂಗೋ ಕಟಿಂಗೋ, ನೀರು ಹಾಕುತ್ತಿದ್ದರೋ ಒಣ ದೂಳೋ ಎಂದು ವೈದ್ಯರಿಂದ ಬರೆಸಿಕೊಳ್ಳಬೇಕು. ಇವರಿಗೆ ಅಪಘಾತದ ದಿನ ಎಂಬುದಿಲ್ಲ, ಎಫ್‌ಐಆರ್ ಇಲ್ಲ, ಕ್ವಾರಿಯ ಲೈಸೆನ್ಸು ಈಗ ಯಾರ ಹೆಸರಿನಲ್ಲಿದೆಯೋ ಗೊತ್ತಿಲ್ಲ. ಆ ಚೀಟಿಯೊಂದೇ ಅವರ ಮೊದಲ ಸಾಕ್ಷ್ಯ.